ಮನೆ ಕಂದಾಯದ ಜೊತೆಗೆ ಮೂರು ರೂಪಾಯಿ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಒಂದು ಸಹಕಾರ ಸಂಘ ನಡೆಸುವುದು ಸುಲಭದ ಮಾತಲ್ಲ. ಅದಕ್ಕಾಗಿ ನಿಮ್ಮೆಲ್ಲರನ್ನು ಅಭಿನಂದಿಸುತ್ತೇನೆ. ಸಾಲ, ಗೊಬ್ಬರದ ವಿಷಯ ಬೇರೆಯವರು ಹೇಳಿದ್ದಾರೆ. ನಾನು ಒಂದೇ ಪ್ರಶ್ನೆ ಇಡ್ತೇನೆ: ನಮ್ಮೂರ ಕೆರೆ, ಕಲ್ಯಾಣಿ, ವೀರಗಲ್ಲುಗಳನ್ನು ಉಳಿಸೋ ಖರ್ಚು ಯಾರದು?

ಶಿವಮೊಗ್ಗದ ಶಿವಪ್ಪನಾಯಕನ ಅರಮನೆ ಸರ್ಕಾರಿ ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನ ಹೊಯ್ಸಳರ ಕಾಲದ್ದು, ಅದಕ್ಕೆ ಪುರಾತತ್ವ ಇಲಾಖೆಯ ರಕ್ಷಣೆಯಿದೆ. ಆದರೆ ಹೊಲದ ಬದುವಿಗೆ ಒರಗಿರುವ ವೀರಗಲ್ಲಿಗೆ, ಹೂಳು ತುಂಬಿದ ಕೆರೆಗೆ ಯಾರು ದಿಕ್ಕು? ಊರೇ ದಿಕ್ಕು.

ಇದು ಹೊಸ ಮಾತೇನಲ್ಲ. ಕೆರೆಯ ನೀರು ಉಂಡ ಗದ್ದೆಯ ಫಸಲಿನಲ್ಲಿ ಒಂದು ಪಾಲನ್ನು ಕೆರೆಯ ದುರಸ್ತಿಗೇ ಬಿಡುತ್ತಿದ್ದರು. ಶಾಸನಗಳಲ್ಲಿ ಅದಕ್ಕೆ ಬಿತ್ತುವಟ್ಟ ಅಂತ ಹೆಸರು. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಭೂಮಿಯ ಗುಣ, ಬೆಳೆ ನೋಡಿ ಕಂದಾಯ ಕಟ್ಟಿದ. ಜನ ಅದನ್ನು ಶಿಸ್ತು ಅಂತ ಕರೆದರು. ಉಳ್ಳವನಿಗೆ ಹೆಚ್ಚು, ಇಲ್ಲದವನಿಗೆ ಕಡಿಮೆ.

ಈಗಲೂ ಇಂಥದ್ದೊಂದು ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕಂದಾಯದ ಮೇಲೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಸೇರುತ್ತದೆ. ಸಾವಿರ ರೂಪಾಯಿ ಕಂದಾಯಕ್ಕೆ ಅರವತ್ತು ರೂಪಾಯಿ. ಶಿವಮೊಗ್ಗ, ಭದ್ರಾವತಿ ಪೇಟೆಯಲ್ಲಿ ಮನೆ ಮಾಡಿರೋರೂ ಕಟ್ತಾರೆ, ಹಳ್ಳಿಯೋರೂ ಕಟ್ತೀವಿ. ಆ ರಸೀದಿಯನ್ನು ಓದಿದವರೆಷ್ಟು ಜನ? ಆ ದುಡ್ಡಿಗೆ ಎಷ್ಟು ಪುಸ್ತಕ ಬಂತು ಅಂತ ಗ್ರಾಮಸಭೆಯಲ್ಲಿ ಕೇಳಿದವರೆಷ್ಟು ಜನ? ಕೇಳುವವರಿಲ್ಲದಿದ್ದರೆ ಒಳ್ಳೇ ಕರವೂ ಬರೀ ಹೊರೆಯಾಗುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2000ನೇ ಇಸವಿಯಲ್ಲಿ ಒಂದು ಕಾನೂನು ಬಂತು. ಊರಿನವರು ಮತ ಹಾಕಿ ಒಪ್ಪಿದರೆ ಮಾತ್ರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಮೂರರವರೆಗೆ ಹೆಚ್ಚುವರಿ ಹಾಕಬಹುದು. ಹಳೇ ಕಟ್ಟಡ, ಬಯಲು ಜಾಗ, ಬಡವರ ಮನೆ, ಈ ಮೂರಕ್ಕೂ ಹತ್ತನೇ ಒಂದು ಪಾಲಾದರೂ ಮೀಸಲಿಡಬೇಕು. ಊರು ಕೂಡಿಸಿದ್ದಕ್ಕೆ ರಾಜ್ಯವೂ ಒಂದಷ್ಟು ಸೇರಿಸುತ್ತದೆ. ಕಡಿಮೆ ಆದಾಯದವರಿಗೆ ವಿನಾಯಿತಿ ಕೊಡೋದಕ್ಕೂ ಅವಕಾಶವಿದೆ.

ನಮ್ಮ ಪಂಚಾಯ್ತಿ ಮನಸ್ಸಿಗೆ ಬಂದ ಹಾಗೆ ಹೊಸ ಕರ ಹಾಕಲಾಗದು, ಕಾನೂನು ಬೇಕು. ಸರ್ಕಾರ ಅಂಥ ಕಾನೂನು ತರಲಿ ಅಂತ ಒತ್ತಾಯಿಸೋಣ. ಅಲ್ಲಿಯವರೆಗೆ ಕಾಯಬೇಕೇ? ಸದಸ್ಯರು ತಮ್ಮ ಮನೆ ಕಂದಾಯದ ನೂರಕ್ಕೆ ಮೂರು ರೂಪಾಯಿ ಸ್ವಇಚ್ಛೆಯಿಂದ ಕೊಡಲಿ. ಐನೂರು ಕಟ್ಟುವವರಿಗೆ ಹದಿನೈದು ರೂಪಾಯಿ. ಕೈಲಾಗದವರು ಕೊಡುವುದು ಬೇಡ. ಅದಕ್ಕೆ ಪ್ರತ್ಯೇಕ ಖಾತೆ ಇರಲಿ, ಸಾಲಕ್ಕೆ ಅದನ್ನು ಮುಟ್ಟಬಾರದು. ಯಾವ ಕೆಲಸ ಮೊದಲು ಅಂತ ವಾರ್ಷಿಕ ಮಹಾಸಭೆ ತೀರ್ಮಾನಿಸಲಿ, ಜಮಾ-ಖರ್ಚು ಅಲ್ಲೇ ಗಟ್ಟಿಯಾಗಿ ಓದಲಿ.

"ಹದಿನೈದು ರೂಪಾಯಲ್ಲಿ ಕೆರೆ ಹೂಳು ತೆಗೀತೀರಾ?" ಅಂತ ಕೆಲವರು ನಗಬಹುದು. ಇಲ್ಲ, ಒಂದೇ ವರ್ಷಕ್ಕೆ ಆಗೋದಿಲ್ಲ. ಬಿದ್ದ ವೀರಗಲ್ಲನ್ನು ಎತ್ತಿ ನಿಲ್ಲಿಸಬಹುದು, ಕೆರೆಯ ತೂಬು ಸರಿಮಾಡಬಹುದು. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಹಕಾರ ಸಂಘ ಕಟ್ಟಿದ್ದೂ ಹಳ್ಳಿಯವರ ಸಣ್ಣ ಸಣ್ಣ ದುಡ್ಡಿನಿಂದಲೇ.

ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂದು ಆಡಳಿತ ಮಂಡಳಿಯನ್ನು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.