ಹನ್ನೊಂದನೆಯ ದಿನ: ಔಷಧವಿಲ್ಲದೆ ಧೂಮಪಾನ ತ್ಯಜಿಸುವ ಬಗೆ

(ಪುಣೆಯಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಸ್ನೇಹಕೂಟದಲ್ಲಿ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಲಿಖಿತ ರೂಪ)



ಇಂದಿನ ವಿಷಯ ನಿಶ್ಚಯವಾದಾಗ ಹಿರಿಯರೊಬ್ಬರು, "ನಮ್ಮವರಲ್ಲಿ ಸೇದುವವರು ಯಾರಿದ್ದಾರೆ ಡಾಕ್ಟರೇ? ಇದು ಬೇರೆ ಕಡೆ ಆಡಬೇಕಾದ ಮಾತು" ಎಂದರು. ಅವರ ಮೇಲೆ ಗೌರವವಿಟ್ಟೇ ಹೇಳುತ್ತೇನೆ: ನಮ್ಮ ಮನೆಗಳಲ್ಲಿ ಈ ಚಟ ಬಿಡಲು ನಿಕೋಟಿನ್ ಎಷ್ಟು ದೊಡ್ಡ ತೊಡಕೋ, ಈ ನಂಬಿಕೆಯೂ ಅಷ್ಟೇ ದೊಡ್ಡ ತೊಡಕು. ಹಿಂಜವಡಿಯ ಕಚೇರಿಗಳ ಎದುರಿನ ಟಪರಿಗಳಲ್ಲಿ ಚಹಾದ ಲೋಟ ಹಿಡಿದು ನಿಂತ ಹುಡುಗರಲ್ಲಿ ನಮ್ಮವರೂ ಇದ್ದಾರೆ. ಮನೆ ಸೇರುವ ಮುನ್ನ ಏಲಕ್ಕಿ ಜಗಿದು, ಕೈ ತೊಳೆದು, ಮೆಟ್ಟಿಲು ಹತ್ತುತ್ತಾರೆ. ತಾಯಿಗೆ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಗೊತ್ತಿಲ್ಲದಂತೆ ಇರುತ್ತಾರೆ.

ಸಪ್ತವ್ಯಸನಗಳ ಪಟ್ಟಿಯಲ್ಲಿ ತಂಬಾಕಿನ ಹೆಸರಿಲ್ಲವಲ್ಲ ಎಂದು ವಾದಿಸುವ ಜಾಣರನ್ನೂ ಕಂಡಿದ್ದೇನೆ. ಆ ಪಟ್ಟಿ ರೂಪುಗೊಂಡ ಕಾಲದಲ್ಲಿ ತಂಬಾಕು ಈ ನೆಲವನ್ನೇ ಮುಟ್ಟಿರಲಿಲ್ಲ. ಅದು ಪೋರ್ಚುಗೀಸರೊಂದಿಗೆ ಹಡಗಿನಲ್ಲಿ ಬಂದದ್ದು. ಇನ್ನು ನಿಪ್ಪಾಣಿ ಸೀಮೆಯ ತಂಬಾಕಿನ ಹೊಲಗಳಿಂದಲೇ ಮಕ್ಕಳನ್ನು ಓದಿಸಿದ ಮನೆತನಗಳೂ ನಮ್ಮಲ್ಲಿವೆ. ಬೆಳೆದು ಮಾರುವುದರಲ್ಲಿ ದೋಷ ಕಾಣದ ಸಮಾಜವು ಸೇದುವವನನ್ನು ಮಾತ್ರ ಮುಚ್ಚಿಡುವುದು ಎಷ್ಟು ಸರಿ ಎಂಬುದು ಬೇರೆಯೇ ಚರ್ಚೆ. ಅದನ್ನು ಇನ್ನೊಂದು ದಿನಕ್ಕೆ ಇಡೋಣ.

ಔಷಧವಿಲ್ಲದೆ ಬಿಡಲು ಸಾಧ್ಯವೇ? ಸಾಧ್ಯ. ಈಗಾಗಲೇ ಬಿಟ್ಟವರನ್ನು ಕುರಿತ ಅಧ್ಯಯನಗಳನ್ನು ಆಸ್ಟ್ರೇಲಿಯಾದ ಸೈಮನ್ ಚಾಪ್‌ಮನ್ ಮತ್ತು ರಾಸ್ ಮೆಕೆಂಜಿ ಎಂಬ ಸಂಶೋಧಕರು 2010ರಲ್ಲಿ ಪರಿಶೀಲಿಸಿದರು. ಬಿಟ್ಟವರಲ್ಲಿ ಮೂರರಲ್ಲಿ ಎರಡು ಪಾಲಿನಿಂದ ನಾಲ್ಕರಲ್ಲಿ ಮೂರು ಪಾಲಿನಷ್ಟು ಜನ ಯಾವ ನೆರವನ್ನೂ ಪಡೆಯದೆ ಬಿಟ್ಟಿದ್ದರು. ಆದರೆ ನೆರವಿಲ್ಲದ ಒಂದೊಂದು ಪ್ರಯತ್ನವನ್ನು ಬಿಡಿಬಿಡಿಯಾಗಿ ಎಣಿಸಿದರೆ, ನೂರರಲ್ಲಿ ಮೂರರಿಂದ ಐದು ಮಾತ್ರ ಆರು ತಿಂಗಳಿಂದ ಒಂದು ವರ್ಷದವರೆಗೆ ಉಳಿಯುತ್ತವೆ. ಎರಡೂ ನಿಜ. ಜನ ಬಿಡುತ್ತಾರೆ, ಸೋಲುತ್ತಾರೆ, ಮತ್ತೆ ಬಿಡುತ್ತಾರೆ. ಹಾಗೆ ಹಲವು ಸಲ ಬಿಟ್ಟವರೇ ಕೊನೆಗೆ ಬಿಟ್ಟವರ ಲೆಕ್ಕಕ್ಕೆ ಸೇರುತ್ತಾರೆ. ನಿಕೋಟಿನ್ ಗಮ್, ಪ್ಯಾಚ್, ವೈದ್ಯರು ಬರೆದುಕೊಡುವ ಮಾತ್ರೆಗಳು ಯಶಸ್ಸಿನ ಸಾಧ್ಯತೆಯನ್ನು ಹೆಚ್ಚಿಸುತ್ತವೆ ಎಂಬುದರಲ್ಲಿ ಸಂಶಯವಿಲ್ಲ. ಅವನ್ನು ಬೇಡವೆನ್ನಲು ನಾನಿಲ್ಲಿ ನಿಂತಿಲ್ಲ. ಆದರೆ ಹೆಚ್ಚಿನವರು ಅವನ್ನು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಅವರು ಹಿಡಿಯುವ ದಾರಿಯನ್ನೇ ಸ್ವಲ್ಪ ಸುಗಮಗೊಳಿಸುವುದು ನನ್ನ ಉದ್ದೇಶ.

ಮೊದಲು ದೇಹದ ಸಂಗತಿ. ಕೊನೆಯ ಸಿಗರೇಟಿನ ನಂತರ ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಒಂದೆರಡು ದಿನಗಳಲ್ಲಿ ರಕ್ತದ ಕಾರ್ಬನ್ ಮಾನಾಕ್ಸೈಡ್ ಸಹಜ ಮಟ್ಟಕ್ಕೆ ಬರುತ್ತದೆ. ಎರಡನೆಯ ಹಾಗೂ ಮೂರನೆಯ ದಿನ ಸಂಕಟದ ಶಿಖರ: ಸಿಡುಕು, ನಿದ್ರಾಭಂಗ, ಕೆಲಸದಲ್ಲಿ ಗಮನ ನಿಲ್ಲದಿರುವುದು, ಸುಮ್ಮನೆ ಹಸಿವು, ಕೆಲವರಿಗೆ ಮಲಬದ್ಧತೆ, ಕಾರಣವಿಲ್ಲದ ವಿಷಾದ. ಎರಡರಿಂದ ನಾಲ್ಕು ವಾರಗಳಲ್ಲಿ ಇವು ಬಹುಮಟ್ಟಿಗೆ ಇಳಿದುಹೋಗುತ್ತವೆ. ಸೇದಬೇಕೆಂಬ ತುಡಿತ ಒಮ್ಮೆ ಎದ್ದರೆ ಕೆಲವು ನಿಮಿಷ ಮಾತ್ರ ಇರುತ್ತದೆ. ಸೇದಿದರೂ ಹೋಗುತ್ತದೆ, ಸೇದದಿದ್ದರೂ ಹೋಗುತ್ತದೆ. ಇದನ್ನು ತಿಳಿದವನು ಒಂದು ಲೋಟ ನೀರು ಕುಡಿದು, ಗ್ಯಾಲರಿಯಲ್ಲಿ ನಾಲ್ಕು ಸಲ ಅಡ್ಡಾಡಿ, ಆ ನಿಮಿಷಗಳನ್ನು ದಾಟಿಸುತ್ತಾನೆ.

ಇಲ್ಲಿ ನಮ್ಮ ಕಾಫಿ, ಚಹಾದ ವಿಚಾರ ಬರುತ್ತದೆ. ಹೊಗೆಯಲ್ಲಿರುವ ಕೆಲವು ಪದಾರ್ಥಗಳು ಯಕೃತ್ತನ್ನು ಚುರುಕುಗೊಳಿಸಿ ಕೆಫೀನನ್ನು ಬೇಗ ಕರಗಿಸುತ್ತವೆ. ಸೇದುವುದು ನಿಂತೊಡನೆ ಆ ವೇಗವೂ ಇಳಿಯುತ್ತದೆ; ಅದೇ ನಾಲ್ಕು ಲೋಟ ಕಾಫಿ ಈಗ ಹೆಚ್ಚು ಕಾಫಿಯಂತೆ ವರ್ತಿಸುತ್ತದೆ. ಎದೆ ಡವಗುಟ್ಟುತ್ತದೆ, ರಾತ್ರಿ ನಿದ್ದೆ ಬಾರದು. ಸಿಗರೇಟು ಬಿಟ್ಟಿದ್ದರಿಂದಲೇ ಹೀಗಾಯಿತೆಂದು ಭಾವಿಸಿ ಮತ್ತೆ ಹಚ್ಚಿದವರನ್ನು ನೋಡಿದ್ದೇನೆ. ಬಿಡುವ ದಿನದಿಂದಲೇ ಕಾಫಿ, ಚಹಾವನ್ನು ಅರ್ಧಕ್ಕಿಳಿಸಿ. ಸಣ್ಣ ಸಂಗತಿಯಾದರೂ ಇದನ್ನು ಹೇಳುವವರು ಕಡಿಮೆ.

ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ತೂಕ ಏರುವುದುಂಟು. ಏರಲಿ. ಅದನ್ನು ಆಮೇಲೆ ನೋಡಿಕೊಳ್ಳಬಹುದು.

ಈಗ ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆಗೆ ಬರುತ್ತೇನೆ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಸಿಗರೇಟನ್ನು ಮುಟ್ಟದೆ ಇರುವ ಯುವಕರು ನಮ್ಮಲ್ಲಿದ್ದಾರೆ. ಕೆಲವರು ಏಕಾಶನ, ಉಪವಾಸಗಳನ್ನೂ ಮಾಡುತ್ತಾರೆ. ದೇಹದ ದೃಷ್ಟಿಯಿಂದ ಅವರು ಅತ್ಯಂತ ಕಠಿಣವಾದ ಏರನ್ನು ಆಗಲೇ ಹತ್ತಿ ಮುಗಿಸಿದ್ದಾರೆ; ರಕ್ತದಲ್ಲಿ ನಿಕೋಟಿನ್ ಉಳಿದಿಲ್ಲ. ಆದರೂ ಹನ್ನೊಂದನೆಯ ದಿನ ಕಚೇರಿಗೆ ಹೋಗಿ, ಊಟದ ನಂತರ ಅದೇ ಟಪರಿಯ ಮುಂದೆ ನಿಂತು ಹಚ್ಚುತ್ತಾರೆ. ಏಕೆ? ಪರ್ವದ ದಿನಗಳಲ್ಲಿ ಅವರ ದಿನಚರಿ ಬೇರೆ, ಸಂಗಡಿಗರು ಬೇರೆ, ಸಂಜೆ ಹೋಗುವ ಸ್ಥಳ ಬಸದಿ. ಮನೆಯವರೆಲ್ಲ ಅದೇ ನೇಮದಲ್ಲಿರುತ್ತಾರೆ. ಹನ್ನೊಂದನೆಯ ದಿನ ಹಳೆಯ ಹೊತ್ತು, ಹಳೆಯ ಜಾಗ, ಹಳೆಯ ಗೆಳೆಯ, ಮೂರೂ ಒಟ್ಟಿಗೆ ಕಾದಿರುತ್ತವೆ. ಬಿಡುವವನು ಸಿದ್ಧನಾಗಬೇಕಾದದ್ದು ಆ ದಿನಕ್ಕೆ. ಊಟದ ನಂತರ ಯಾವ ದಾರಿಯಲ್ಲಿ ನಡೆಯುತ್ತೇನೆ, "ಬಾ, ಒಂದು ದಮ್ ಎಳೆಯೋಣ" ಎಂದವನಿಗೆ ಯಾವ ಮಾತಿನಲ್ಲಿ ಉತ್ತರಿಸುತ್ತೇನೆ, ಬಾಸ್ ಗದರಿದ ದಿನ ಎಲ್ಲಿಗೆ ಹೋಗುತ್ತೇನೆ, ಇವನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಲಿ. ಮೊದಲ ತಿಂಗಳು ಟಪರಿಗೆ ಹೋಗುವುದೇ ಬೇಡ. ಚಹಾ ಕಚೇರಿಯೊಳಗೂ ಸಿಗುತ್ತದೆ. ಸಿಗರೇಟು ಬಿಟ್ಟು ಮಾವಾ, ಗುಟ್ಕಾ ಹಿಡಿದರೆ ಅದು ಬಿಟ್ಟಂತಲ್ಲ ಎಂಬುದನ್ನೂ ಸೇರಿಸುತ್ತೇನೆ.

ಕ್ರಮೇಣ ಕಡಿಮೆ ಮಾಡಲೇ, ಒಮ್ಮೆಲೇ ನಿಲ್ಲಿಸಲೇ ಎಂದು ಎಲ್ಲರೂ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಸುಮಾರು 700 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನಿಶ್ಚಿತ ದಿನದಂದು ಒಮ್ಮೆಲೇ ಬಿಟ್ಟವರಲ್ಲಿ ನಾಲ್ಕು ವಾರಗಳ ನಂತರ ನೂರಕ್ಕೆ 49 ಮಂದಿ ದೂರವಿದ್ದರು. ಎರಡು ವಾರಗಳಲ್ಲಿ ಕ್ರಮೇಣ ಇಳಿಸಿ ಬಿಟ್ಟವರಲ್ಲಿ 39 ಮಂದಿ. ಎರಡೂ ಗುಂಪುಗಳಿಗೆ ನಿಕೋಟಿನ್ ಬದಲಿಯೂ ಸಲಹೆಯೂ ದೊರೆತಿದ್ದವು ಎಂಬುದನ್ನು ಮರೆಯಬಾರದು. ಆದರೂ ನನ್ನ ಅನುಭವ ಅದೇ ದಿಕ್ಕಿನಲ್ಲಿದೆ. ಕಡಿಮೆ ಮಾಡುತ್ತಿದ್ದೇನೆ ಎನ್ನುವುದು ಬಿಡಿ ಸಿಗರೇಟು ಸಿಗುವ ನಮ್ಮ ಬೀದಿಗಳಲ್ಲಿ ಕೊನೆಯಿಲ್ಲದ ಲೆಕ್ಕವಾಗುತ್ತದೆ. ದಿನ ಗೊತ್ತು ಮಾಡಿ ನಿಲ್ಲಿಸಿ.

ದಿನ ಗೊತ್ತು ಮಾಡುವುದೆಂದರೆ ನಮ್ಮವರಿಗೆ ವ್ರತ ನೆನಪಾಗುತ್ತದೆ. ಪ್ರವಚನದ ಸಭೆಯಲ್ಲಿ, ನೂರಾರು ಜನರ ಮುಂದೆ, ಭಾವಾವೇಶದಲ್ಲಿ ಯುವಕನೊಬ್ಬ ಆಜೀವ ತ್ಯಾಗ ಸ್ವೀಕರಿಸುತ್ತಾನೆ. ಚಪ್ಪಾಳೆಯಾಗುತ್ತದೆ. ಎರಡು ತಿಂಗಳಲ್ಲಿ ಒಂದು ಸಂಜೆ ಜಾರುತ್ತಾನೆ. ಈಗ ಅವನು ಚಟಗಾರನಷ್ಟೇ ಅಲ್ಲ, ವ್ರತಭ್ರಷ್ಟನೂ ಹೌದು. ಯಾರ ಬಳಿಯೂ ಹೇಳಿಕೊಳ್ಳಲಾರ. ಮೊದಲಿಗಿಂತ ಆಳವಾದ ಗುಟ್ಟಿನೊಳಗೆ ಸೇರುತ್ತಾನೆ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳ ತ್ಯಾಗವನ್ನು ಎರಡು ಬಗೆಯಾಗಿ ಹೇಳಿದ್ದಾರೆ: ಕಾಲದ ಮಿತಿ ಇರುವುದು ನಿಯಮ, ಜೀವನಪರ್ಯಂತವಾದುದು ಯಮ. ಈ ಭೇದವನ್ನು ನಾವು ಮರೆತಂತಿದೆ. ಒಂದು ದಿನದ ನಿಯಮ, ಏಳು ದಿನದ ನಿಯಮ, ಒಂದು ಚಾತುರ್ಮಾಸದ ನಿಯಮ. ಮುಗಿದೊಡನೆ ಮತ್ತೆ ತೆಗೆದುಕೊಳ್ಳಬಹುದು. ಹಾಗೆಯೇ ನಮ್ಮ ಶಾಸ್ತ್ರಕಾರರು ವ್ರತದಲ್ಲಿ ಉಂಟಾಗುವ ಅತಿಚಾರವನ್ನೂ ವ್ರತವನ್ನೇ ಮುರಿಯುವ ಅನಾಚಾರವನ್ನೂ ಬೇರೆ ಬೇರೆಯಾಗಿ ಎಣಿಸಿದರು. ಇಂದಿನ ವ್ಯಸನ ಚಿಕಿತ್ಸೆಯೂ ಒಂದು ಸಲದ ಎಡವನ್ನು ಹಳೆಯ ಚಟಕ್ಕೆ ಪೂರ್ತಿ ಮರಳುವುದರಿಂದ ಬೇರ್ಪಡಿಸುತ್ತದೆ. ಒಂದು ಸಿಗರೇಟು ಸೇದಿದವನು ಅದನ್ನು ಎಲ್ಲಿ, ಯಾರೊಂದಿಗೆ, ಯಾವ ಹೊತ್ತಿನಲ್ಲಿ ಸೇದಿದೆ ಎಂದು ಅದೇ ರಾತ್ರಿ ಒಬ್ಬರ ಬಳಿ ಹೇಳಿಕೊಂಡರೆ ಮರುದಿನ ಮುಂದುವರಿಯಬಲ್ಲ.

ಆ ಒಬ್ಬರು ಯಾರು? ತಾಯಂದಿರೇ, ಅಕ್ಕತಂಗಿಯರೇ, ಈ ಮಾತು ನಿಮಗೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ದೀರ್ಘಕಾಲದ ಹೃದಯ ಅಧ್ಯಯನದ ದಾಖಲೆಗಳನ್ನು ಇಬ್ಬರು ಸಂಶೋಧಕರು ಬೇರೆ ರೀತಿಯಲ್ಲಿ ಓದಿ 2008ರಲ್ಲಿ ಪ್ರಕಟಿಸಿದರು. ಗಂಡಹೆಂಡಿರಲ್ಲಿ ಒಬ್ಬರು ಬಿಟ್ಟಾಗ ಇನ್ನೊಬ್ಬರು ಸೇದುವ ಸಾಧ್ಯತೆ ಶೇಕಡಾ 67ರಷ್ಟು ಇಳಿದಿತ್ತು; ಗೆಳೆಯ ಬಿಟ್ಟಾಗ 36ರಷ್ಟು. ಬಿಡುವುದು ಗುಂಪಿನಲ್ಲಿ ಹರಡುತ್ತದೆ. ನಮ್ಮ ಹೆಂಗಸರು ಸಾಮಾನ್ಯವಾಗಿ ಸೇದುವವರಲ್ಲ, ಆದರೆ ಕೇಳುವ ಕಿವಿ ನಿಮ್ಮಲ್ಲಿದೆ. ಮಗನ ಜೇಬಿನಲ್ಲಿ ಬೆಂಕಿಪೊಟ್ಟಣ ಸಿಕ್ಕಿದ ದಿನ ಅಳುವುದು, "ಕುಲಕ್ಕೆ ಕಳಂಕ ತಂದೆ" ಎನ್ನುವುದು, ಅಪ್ಪನಿಗೆ ತಿಳಿಸುತ್ತೇನೆಂದು ಹೆದರಿಸುವುದು ಅವನನ್ನು ಟಪರಿಗೇ ಅಟ್ಟುತ್ತವೆ. "ಎಷ್ಟು ವರ್ಷವಾಯಿತು? ಬಿಡಬೇಕು ಅನ್ನಿಸಿದೆಯೇ? ಯಾವ ಹೊತ್ತಿನಲ್ಲಿ ಕಷ್ಟ?" ಎಂದು ಕೇಳಿ. ಬಿಟ್ಟ ಮೊದಲ ವಾರ ಅವನು ಸಿಡುಕಿದರೆ ಅದು ನಿಮ್ಮ ಮೇಲಲ್ಲ ಎಂದು ತಿಳಿಯಿರಿ. ದಿನವೂ ಬಾಯಿ ಮೂಸಿ ನೋಡಬೇಡಿ.

ಕೆಲವರು ಮಾತ್ರ ಔಷಧ ಬೇಡವೆಂದು ಹಟ ಹಿಡಿಯಬಾರದು. ಬೆಳಿಗ್ಗೆ ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೆನ್ನುವವರ ಅವಲಂಬನೆ ತೀವ್ರವಾದುದು. ಹಲವು ಸಲ ಮೊದಲ ವಾರದಲ್ಲೇ ಸೋತವರಿದ್ದಾರೆ. ಹಿಂದೆ ಖಿನ್ನತೆ ಅನುಭವಿಸಿದವರಿದ್ದಾರೆ. ಇವರು ವೈದ್ಯರನ್ನು ಕಾಣಲಿ. ಮಾನಸಿಕ ಕಾಯಿಲೆಗೋ ಉಬ್ಬಸಕ್ಕೋ ಮಾತ್ರೆ ತೆಗೆದುಕೊಳ್ಳುವವರು ಬಿಡುವ ಮುನ್ನವೇ ತಮ್ಮ ವೈದ್ಯರಿಗೆ ತಿಳಿಸಲಿ, ಏಕೆಂದರೆ ಹೊಗೆ ನಿಂತಾಗ ಕೆಲವು ಔಷಧಗಳ ಪ್ರಮಾಣವನ್ನೂ ಕಾಫಿಯಂತೆಯೇ ಇಳಿಸಬೇಕಾಗುತ್ತದೆ. ಮಾತ್ರೆ ಬೇಡ, ಮಾತು ಸಾಕು ಎನ್ನುವವರಿಗೆ ಸರ್ಕಾರದ ಉಚಿತ ದೂರವಾಣಿ ಸಂಖ್ಯೆ 1800-11-2356 ಇದೆ. ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ 2016ರಲ್ಲಿ ಆರಂಭವಾದ ಈ ಸೇವೆಯ ಕೇಂದ್ರ ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇದೆ. ಸಂಖ್ಯೆ ಸಿಗರೇಟಿನ ಪ್ಯಾಕಿನ ಮೇಲೆಯೇ ಅಚ್ಚಾಗಿದೆ. ಬಿಡಿಯಾಗಿ ಕೊಳ್ಳುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

"ನಲವತ್ತು ವರ್ಷ ಸೇದಿದ್ದೇನೆ, ಇನ್ನು ಬಿಟ್ಟು ಏನು?" ಎನ್ನುವ ಹಿರಿಯರಿಗೆ ಒಂದು ಲೆಕ್ಕ. ರಿಚರ್ಡ್ ಡಾಲ್ ಮತ್ತು ಅವರ ಸಂಗಡಿಗರು ಬ್ರಿಟನ್ನಿನ ವೈದ್ಯರನ್ನು 1951ರಿಂದ 2001ರವರೆಗೆ, ಐವತ್ತು ವರ್ಷ, ಗಮನಿಸಿದರು. ಸೇದುತ್ತಲೇ ಉಳಿದವರು ಸರಾಸರಿ ಹತ್ತು ವರ್ಷ ಮೊದಲೇ ತೀರಿಕೊಂಡರು. ಮೂವತ್ತರಲ್ಲಿ ಬಿಟ್ಟವರು ಆ ಹತ್ತನ್ನೂ ಬಹುತೇಕ ಮರಳಿ ಪಡೆದರು. ನಲವತ್ತರಲ್ಲಿ ಬಿಟ್ಟವರು ಒಂಬತ್ತು, ಐವತ್ತರಲ್ಲಿ ಆರು, ಅರವತ್ತರಲ್ಲಿ ಬಿಟ್ಟವರೂ ಮೂರು ವರ್ಷ ಪಡೆದರು.

ಭೋಜನದ ನಂತರ ನಾನು ಪಕ್ಕದ ಗ್ರಂಥಾಲಯದ ಕೊಠಡಿಯಲ್ಲಿ ಕುಳಿತಿರುತ್ತೇನೆ. ದಿನ ಗೊತ್ತು ಮಾಡಬೇಕೆನ್ನುವವರು ಒಬ್ಬೊಬ್ಬರಾಗಿ ಬರಬಹುದು. ಹೆಂಡತಿಯನ್ನೋ ಅಣ್ಣನನ್ನೋ ಕರೆತಂದರೆ ಇನ್ನೂ ಒಳ್ಳೆಯದು. ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ.