ಗಾಜಿನ ತೊಟ್ಟಿಯಲ್ಲಿ ಗಪ್ಪಿ ಮೀನು

(ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಗಪ್ಪಿ ಮೀನು ಅಗ್ಗಕ್ಕೆ ಸಿಗುತ್ತದೆ. ಅದರಿಂದಾಗಿಯೇ ಸತ್ತರೆ ಇನ್ನೊಂದು ತಂದರಾಯಿತು ಎಂಬ ಭಾವನೆ ನಮ್ಮಲ್ಲಿದೆ. ಆದರೆ ಹೀಗೆ ಸಾಯುವ ಮೀನುಗಳಲ್ಲಿ ಹೆಚ್ಚಿನವನ್ನು ಉಳಿಸಬಹುದು. ಇಂದು ಅದನ್ನೇ ಹೇಳಬೇಕೆಂದಿದ್ದೇನೆ.

ಇದರ ತವರು ಟ್ರಿನಿಡಾಡ್ ದ್ವೀಪ ಮತ್ತು ದಕ್ಷಿಣ ಅಮೆರಿಕದ ಈಶಾನ್ಯ ಭಾಗ. ಟ್ರಿನಿಡಾಡಿನಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಮಾದರಿ ಕಳುಹಿಸಿದ ರಾಬರ್ಟ್ ಗಪ್ಪಿ ಎಂಬವರ ಹೆಸರೇ ಮೀನಿಗೆ ನಿಂತಿತು. ಅಲ್ಲಿನ ತೊರೆಗಳಲ್ಲಿ ಬೇಟೆಮೀನು ಹೆಚ್ಚಿರುವ ಕಡೆ ಗಂಡು ಗಪ್ಪಿಗಳ ಬಣ್ಣ ಮಂಕು, ಶತ್ರುಭಯವಿಲ್ಲದ ಮಡುಗಳಲ್ಲಿ ಬಲು ಸೊಗಸು. ಇದನ್ನು ಪ್ರಯೋಗ ಮಾಡಿ ತೋರಿಸಿ 1980ರಲ್ಲಿ ಪ್ರಕಟಿಸಿದವರು ಜಾನ್ ಎಂಡ್ಲರ್. ಜೀವಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಹುಡುಕಿ ಓದಬೇಕು. ಭಾರತಕ್ಕೆ ಗಪ್ಪಿಯನ್ನು ತಂದದ್ದು ಅಂದಕ್ಕಾಗಿ ಅಲ್ಲ, ಸೊಳ್ಳೆ ಮರಿಗಳನ್ನು ತಿನ್ನಲಿ ಎಂದು.

ಗುಂಡನೆಯ ಗಾಜಿನ ಬಟ್ಟಲು ದಯವಿಟ್ಟು ಬೇಡ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಸಾಕು. ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಗಾಜು, ಜಲ್ಲಿ ಸೇರಿ 60 ಕಿಲೋ ದಾಟುವುದರಿಂದ ಗಟ್ಟಿ ಮೇಜು ಬೇಕು, ಅಡಿಗೆ ಥರ್ಮೋಕೋಲ್ ಹಾಸಬೇಕು. ನೇರ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ.

ಈಗ ಮುಖ್ಯ ವಿಷಯ. ಮೀನು ಕಿವಿರಿನ ಮೂಲಕ ಅಮೋನಿಯ ಹೊರಹಾಕುತ್ತದೆ, ಉಳಿದ ಆಹಾರ ಕೊಳೆತರೂ ಅದೇ ಹುಟ್ಟುತ್ತದೆ. ಇದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಗಳು ಇದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಅದರ ಅಪಾಯ ಬಹಳ ಕಡಿಮೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳೇ ಇರುವುದಿಲ್ಲ! ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ, ಮೀನು ಮಾತ್ರ ಮೇಲೆ ಬಂದು ಬಾಯಿ ಬಿಡುತ್ತದೆ. ಆದ್ದರಿಂದ ಮೀನು ತರುವ ಮೊದಲೇ ಸ್ಪಂಜ್ ಫಿಲ್ಟರ್ ಓಡಿಸಿ, ದಿನಕ್ಕೊಂದು ಚಿಟಿಕೆ ಆಹಾರ ಹಾಕುತ್ತಾ ನಾಲ್ಕರಿಂದ ಆರು ವಾರ ಕಾಯಿರಿ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯಬೇಕು. ಗೆಳೆಯರ ಆರೋಗ್ಯವಂತ ತೊಟ್ಟಿಯ ಹಳೆಯ ಸ್ಪಂಜ್ ಸಿಕ್ಕರೆ ಈ ಕಾಯುವಿಕೆ ಬಹಳ ಕಡಿಮೆಯಾಗುತ್ತದೆ. ಬ್ಯಾಕ್ಟೀರಿಯ ನೆಲೆಸಿರುವುದು ಸ್ಪಂಜಿನಲ್ಲಿ. ಅದನ್ನು ನಲ್ಲಿ ನೀರಿನಲ್ಲಿ ಉಜ್ಜಿ ತೊಳೆದವರು ಮತ್ತೆ ಮೊದಲಿನಿಂದ ಆರಂಭಿಸಬೇಕಾದೀತು. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿದರೆ ಸಾಕು.

ನಲ್ಲಿ ನೀರಿನ ಕ್ಲೋರಿನ್ ಬಾಯಿ ತೆರೆದ ಬಕೆಟ್‌ನಲ್ಲಿ ಒಂದು ದಿನ ಇಟ್ಟರೆ ಹೋಗುತ್ತದೆ. ಕ್ಲೋರಮಿನ್ ಬೆರೆಸಿದ್ದರೆ ಹೋಗುವುದಿಲ್ಲ, ಅದಕ್ಕೆ ಅಂಗಡಿಯಲ್ಲಿ ದ್ರಾವಣ ಸಿಗುತ್ತದೆ. ಪಾತ್ರೆಯಲ್ಲಿ ಬಿಳಿ ಕಟ್ಟಿಸುವ ಬೋರ್‌ವೆಲ್ ನೀರನ್ನು ನಾವು ಶಪಿಸುತ್ತೇವೆ, ಗಪ್ಪಿಗೆ ಅಂತಹ ಗಡಸು ನೀರೇ ಇಷ್ಟ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ.

ಎರಡು ಗಂಡು, ನಾಲ್ಕು ಹೆಣ್ಣು ಆರಂಭಕ್ಕೆ ಸಾಕು. ಗಂಡು ಸದಾ ಬೆನ್ನಟ್ಟುವುದರಿಂದ ಹೆಣ್ಣುಗಳ ಸಂಖ್ಯೆ ಹೆಚ್ಚಿರಬೇಕು. ಗಪ್ಪಿ ಮೊಟ್ಟೆ ಇಡುವುದಿಲ್ಲ, ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ಒಡಲಲ್ಲೇ ಕಾಪಿಟ್ಟುಕೊಂಡು, ಗಂಡಿಲ್ಲದೆಯೂ ತಿಂಗಳುಗಟ್ಟಲೆ ಹೆರುತ್ತದೆ. ದೊಡ್ಡ ಮೀನುಗಳು ಮರಿಗಳನ್ನು ತಿನ್ನುತ್ತವೆ, ಪಾಚಿಯಂತಹ ದಟ್ಟ ಗಿಡವಿದ್ದರೆ ಹಲವು ಅವಿತು ಬದುಕುತ್ತವೆ. ಅಷ್ಟು ಮರಿ ಬೇಡವೆನ್ನುವವರು ಗಂಡುಗಳನ್ನಷ್ಟೇ ಸಾಕಲಿ.

ಹೆಚ್ಚಾದ ಮೀನುಗಳನ್ನು ಕೆರೆಗೋ ಹಳ್ಳಕ್ಕೋ ಬಿಟ್ಟು ಬರುವುದು ಪುಣ್ಯದ ಕೆಲಸವೆಂದು ಕೆಲವರು ತಿಳಿದಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಗಪ್ಪಿ ಪರದೇಶಿ. ಆಹಾರಕ್ಕೆ, ಜಾಗಕ್ಕೆ ನಮ್ಮ ಸ್ಥಳೀಯ ಸಣ್ಣ ಮೀನುಗಳೊಂದಿಗೆ ಪೈಪೋಟಿಗಿಳಿಯುತ್ತದೆ, ಒಮ್ಮೆ ನೆಲೆನಿಂತರೆ ತೆಗೆಯಲಾಗದು. ಸೊಳ್ಳೆ ತಡೆಗೆ ಎಲ್ಲಿ ಬಿಡಬೇಕೆಂಬುದನ್ನು ಆರೋಗ್ಯ ಇಲಾಖೆಯವರು ತೀರ್ಮಾನಿಸಲಿ. ನೀವು ಅಂಗಡಿಗೆ ಮರಳಿಸಿ, ಇಲ್ಲವೇ ಗೆಳೆಯರಿಗೆ ಕೊಡಿ. ಕೊಡುವಾಗ ಅವರ ತೊಟ್ಟಿ ಎಷ್ಟು ವಾರದ್ದು ಎಂದು ಮೊದಲು ಕೇಳಿ.

ರಜೆಯಲ್ಲಿ ನಾಲ್ಕು ದಿನ ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಆಹಾರದ ಡಬ್ಬಿ ಒಪ್ಪಿಸಬೇಡಿ. ಬೆಳೆದ ಗಪ್ಪಿ ಅಷ್ಟು ದಿನ ಉಪವಾಸ ತಡೆಯುತ್ತದೆ, ಅವರು ಪ್ರೀತಿಯಿಂದ ಹಿಡಿ ಹಿಡಿ ಹಾಕುವುದನ್ನು ತಡೆಯದು. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.