ಗುಡ್ಡದ ಗ್ರಾವೆಲ್ ಗುಂಡಿ: ಮೊದಲು ನೀರಿಗೆ ದಾರಿ, ಆಮೇಲೆ ಅಗೆತ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾವೆಲ್ ಗುಂಡಿಯೇ ಬೇಡವೆಂದು ಹೇಳಲು ನಾನು ಇಲ್ಲಿಗೆ ಬಂದಿಲ್ಲ. ನಮ್ಮ ಕೇರಿಗಳ ರಸ್ತೆಗೆ, ಶಾಲೆಯ ಅಂಗಳಕ್ಕೆ, ಮನೆಯ ತಳಪಾಯಕ್ಕೆ ಗ್ರಾವೆಲ್ ಬೇಕೇ ಬೇಕು. ಆದರೆ ಮಲೆನಾಡು ಮತ್ತು ಕರಾವಳಿಯ ಗುಡ್ಡಗಳಲ್ಲಿ ಅದನ್ನು ಎಲ್ಲಿ ಮತ್ತು ಹೇಗೆ ತೆಗೆಯಬೇಕು, ಮಳೆಗಾಲದಲ್ಲಿ ಆ ಗುಂಡಿಯ ನೀರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗಳನ್ನು ಅಗೆತಕ್ಕೆ ಮೊದಲೇ ಕೇಳಬೇಕು. ಅವನ್ನು ಕೇಳಬೇಕಾದವರಲ್ಲಿ ಮೊದಲಿಗರು ತಾವು.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮದೆನಾಡು, ಜೋಡುಪಾಲ ಭಾಗಗಳಲ್ಲಿ ಗುಡ್ಡಗಳು ಜರಿದುದನ್ನು ನಾವೆಲ್ಲರೂ ಕಂಡಿದ್ದೇವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿತ್ತು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಬಿಡಲಿಲ್ಲ. ಅದೇ ತಿಂಗಳ 30ರಂದು ನೆರೆಯ ವಯನಾಡಿನಲ್ಲಿ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳು ನೆಲಸಮವಾದವು. ಈ ದುರಂತಗಳಿಗೆ ಗ್ರಾವೆಲ್ ಗುಂಡಿಗಳೇ ಕಾರಣವೆಂದು ನಾನು ಹೇಳುತ್ತಿಲ್ಲ. ನೀರು ಕುಡಿದ ಇಳಿಜಾರು ಹೇಗೆ ವರ್ತಿಸುತ್ತದೆ, ಮಣ್ಣು ಬೀಳುವ ಜಾಗದಿಂದ ಅಪಾಯ ಎಷ್ಟು ದೂರ ಸಾಗುತ್ತದೆ ಎಂಬುದನ್ನು ಅವು ನಮಗೆ ತೋರಿಸಿವೆ.

ನಮ್ಮ ಗುಡ್ಡಗಳ ರಚನೆಯನ್ನು ಮೊದಲು ನೆನಪಿಸಿಕೊಳ್ಳೋಣ. ಅನೇಕ ಕಡೆ ಮೇಲೆ ಜಂಬಿಟ್ಟಿಗೆಯ ಗಟ್ಟಿ ಪದರ, ಅದರ ಕೆಳಗೆ ನುಣುಪಾದ ಶೇಡಿಮಣ್ಣು, ಅದಕ್ಕೂ ಕೆಳಗೆ ಬಂಡೆ ಇರುತ್ತವೆ. ಒಣಗಿದ ಶೇಡಿಮಣ್ಣು ನೆಟ್ಟಗೆ ಕಡಿದರೂ ಗೋಡೆಯಂತೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಗುಂಡಿಯನ್ನು ನೋಡಿದವರಿಗೆ ಅದು ಭದ್ರವೆಂದೇ ತೋರುತ್ತದೆ. ಆದರೆ ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಬಿಡದೆ ಹಿಡಿದಾಗ ಮಣ್ಣಿನ ಕಣಗಳ ನಡುವೆ ನೀರು ತುಂಬಿ, ಅವುಗಳ ಪರಸ್ಪರ ಹಿಡಿತ ಸಡಿಲವಾಗುತ್ತದೆ. ಬುಡವನ್ನು ನಾವು ಆಗಲೇ ಕಡಿದಿರುತ್ತೇವೆ. ಮೇಲಿನ ಭಾರಕ್ಕೆ ಆಸರೆ ಇರುವುದಿಲ್ಲ. ಹೀಗೆ ಜರಿದ ಮಣ್ಣು ತುಂಬಿ ಹರಿಯುವ ಹಳ್ಳವನ್ನು ಸೇರಿದರೆ ಕಲ್ಲು, ಮರ, ಕೆಸರು ಒಂದಾಗಿ ನುಗ್ಗುವ ಪ್ರವಾಹವಾಗುತ್ತದೆ. ದಾರಿಯುದ್ದಕ್ಕೂ ದಂಡೆಗಳನ್ನು ಕೊರೆದು ಅದು ತನ್ನ ಗಾತ್ರವನ್ನು ಹೆಚ್ಚಿಸಿಕೊಳ್ಳುತ್ತದೆ. ಅದು ಹರಡಿಕೊಳ್ಳುವುದು ಹಳ್ಳವು ಗುಡ್ಡದಿಂದ ಇಳಿದು ಬಯಲು ಸೇರುವ ಸಮತಟ್ಟಿನಲ್ಲಿ. ನಮ್ಮ ಗದ್ದೆ, ತೋಟ, ಮನೆಗಳಿರುವುದು ಬಹುಪಾಲು ಅಂಥ ಜಾಗದಲ್ಲಿಯೇ.

ಒಂದು ಸರಳ ಲೆಕ್ಕವನ್ನು ಮಾಡೋಣ. 2 ಹೆಕ್ಟೇರ್ ವಿಸ್ತೀರ್ಣದ ಗುಂಡಿಯ ಮೇಲೆ ಗಂಟೆಗೆ 50 ಮಿಲಿಮೀಟರ್ ಮಳೆ ಬಿತ್ತೆಂದು ಭಾವಿಸಿ. ಒಂದು ಗಂಟೆಯಲ್ಲಿ ಅಲ್ಲಿ ಬೀಳುವ ನೀರು 10 ಲಕ್ಷ ಲೀಟರ್. ಹಸಿರು ಹೊದಿಕೆ ತೆಗೆದ ನೆಲದಲ್ಲಿ ಅದರ 80 ಭಾಗ ಹರಿದರೂ 8 ಲಕ್ಷ ಲೀಟರ್, ಅಂದರೆ 10,000 ಲೀಟರಿನ 80 ಟ್ಯಾಂಕರ್. ಗುಂಡಿಯ ಮೇಲ್ಭಾಗದಲ್ಲಿ 5 ಹೆಕ್ಟೇರ್ ಕಾಡಿನ ಇಳಿಜಾರಿದ್ದು, ಅಲ್ಲಿಂದ 40 ಭಾಗ ಮಾತ್ರ ಹರಿದು ಬಂದರೂ ಮತ್ತೆ 10 ಲಕ್ಷ ಲೀಟರ್ ಸೇರುತ್ತದೆ. ಅಂದರೆ ಗುಂಡಿಯ ನೆಲದಿಂದ ಹರಿಯುವ ನೀರಿಗಿಂತ ಮೇಲಿನಿಂದ ಇಳಿದು ಬರುವ ನೀರೇ ಹೆಚ್ಚು. ಗುತ್ತಿಗೆಯ ಗಡಿಯೊಳಗಿನ ನೀರನ್ನು ಮಾತ್ರ ತೋರಿಸುವ ನಕ್ಷೆಯನ್ನು ಆದ್ದರಿಂದಲೇ ಒಪ್ಪಲಾಗದು.

ಇನ್ನು ನಿರ್ವಹಣೆಯ ವಿಚಾರ. ಮೊದಲನೆಯದಾಗಿ, ಗುಂಡಿಯ ಮೇಲಂಚಿನಿಂದ ಕೆಲವು ಮೀಟರ್ ಹಿಂದಕ್ಕೆ, ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸುವ ಅಡ್ಡಗಾಲುವೆಯನ್ನು ಅಗೆತಕ್ಕೆ ಮುನ್ನವೇ ನಿರ್ಮಿಸಬೇಕು. ಅದರ ತಳಕ್ಕೆ ಕಲ್ಲು ಅಥವಾ ಕಾಂಕ್ರೀಟಿನ ಹಾಸು ಇರಬೇಕು. ಹಾಸಿಲ್ಲದ ಕಾಲುವೆ ನೀರನ್ನು ಇಳಿಜಾರಿನ ಒಡಲಿಗೇ ಇಳಿಸಿ, ಉಪಕಾರಕ್ಕೆ ಬದಲು ಅಪಕಾರ ಮಾಡುತ್ತದೆ. ಕಾಲುವೆಯ ಬಾಯಿ ಯಾರ ತೋಟಕ್ಕೂ ತೆರೆಯದೆ, ಗಟ್ಟಿ ತಳದ ಹಳ್ಳಕ್ಕೆ ಕಲ್ಲಿನ ಮೆಟ್ಟಿಲುಗಳ ಮೂಲಕ ಇಳಿಯಬೇಕು.

ಎರಡನೆಯದಾಗಿ, ಗುಡ್ಡವನ್ನು ಒಂದೇ ಗೋಡೆಯಾಗಿ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ಪ್ರತಿ ಮೆಟ್ಟಿಲೂ ಒಳಮುಖವಾಗಿ ವಾಲಿದ್ದು, ಅದರ ಬುಡದ ಚರಂಡಿ ಹೂಳುಕೊಳಕ್ಕೆ ಸೇರಬೇಕು. ಹೂಳುಕೊಳವು ಗಟ್ಟಿ ನೆಲದಲ್ಲಿರಬೇಕೇ ಹೊರತು ತುಂಬಿಸಿದ ಮಣ್ಣಿನ ಮೇಲಲ್ಲ. ಅದರ ಹೂಳನ್ನು ಮಳೆಗಾಲಕ್ಕೆ ಮೊದಲೂ ನಡುವೆಯೂ ತೆಗೆಯುವ ಹೊಣೆ ಗುತ್ತಿಗೆದಾರರದಾಗಿರಬೇಕು.

ಮೂರನೆಯದು, ನಾನು ಹೆಚ್ಚು ಒತ್ತಿ ಹೇಳಬೇಕಾದುದು, ತೆಗೆದು ಹಾಕಿದ ಮೇಲ್ಮಣ್ಣಿನ ರಾಶಿ. ಗುಂಡಿಗಿಂತ ಈ ಸಡಿಲ ರಾಶಿಯೇ ಅನೇಕ ಸಲ ಹೆಚ್ಚು ಅಪಾಯಕಾರಿ. ಅದನ್ನು ಹಳ್ಳದ ತಲೆಯಲ್ಲಿ, ಕಣಿವೆಯ ಬಾಯಲ್ಲಿ, ಕಡಿದಾದ ಇಳಿಜಾರಿನ ಅಂಚಿನಲ್ಲಿ ಸುರಿಯಲೇಬಾರದು. ಪದರ ಪದರವಾಗಿ ಒತ್ತಿ, ಬುಡಕ್ಕೆ ನೀರು ಸೋರುವ ಕಿಂಡಿಗಳುಳ್ಳ ಕಲ್ಲಿನ ತಡೆಗೋಡೆ ಕಟ್ಟಿ, ಮೇಲೆ ಹುಲ್ಲು ಬೆಳೆಸಬೇಕು.

ನಾಲ್ಕನೆಯದಾಗಿ, ಗುಂಡಿಯ ದಾರಿಗೆ ಹಾಕುವ ಮೋರಿಗಳನ್ನು ಗಮನಿಸಿ. ಕಿರಿದಾದ ಮೋರಿಗೆ ಒಂದು ಮರದ ದಿಮ್ಮಿ ಸಿಕ್ಕಿಕೊಂಡರೆ ಸಾಕು, ರಸ್ತೆಯೇ ಅಣೆಕಟ್ಟಾಗುತ್ತದೆ. ಅದು ಒಡೆದಾಗ ಕೆಳಗಿನವರಿಗೆ ಓಡಲೂ ಸಮಯವಿರುವುದಿಲ್ಲ.

ಇಂಗುಗುಂಡಿಗಳ ಬಗ್ಗೆಯೂ ಒಂದು ಮಾತು. ಬಯಲುಸೀಮೆಯಲ್ಲಿ ಅವು ವರದಾನ. ಆದರೆ ಕಡಿದ ಇಳಿಜಾರಿನ ನೆತ್ತಿಯಲ್ಲಿ ನೀರಿಂಗಿಸುವುದು ತರವಲ್ಲ. ಒಳ್ಳೆಯ ಕೆಲಸವೂ ತಪ್ಪು ಸ್ಥಳದಲ್ಲಿ ಕೇಡಾಗುತ್ತದೆ.

ಗ್ರಾವೆಲ್ 1957ರ ಗಣಿ ಮತ್ತು ಖನಿಜ ಅಧಿನಿಯಮದ ಪ್ರಕಾರ ಉಪಖನಿಜ. ಅದರ ಗುತ್ತಿಗೆಯನ್ನು ರಾಜ್ಯದ 1994ರ ಉಪಖನಿಜ ರಿಯಾಯಿತಿ ನಿಯಮಗಳು ನಿಯಂತ್ರಿಸುತ್ತವೆ. ಆದ್ದರಿಂದ ಗುತ್ತಿಗೆ ಕೊಡುವ ಪ್ರಾಧಿಕಾರ ಪಂಚಾಯಿತಿಯಲ್ಲ. ಹಾಗೆಂದು ಪಂಚಾಯಿತಿ ಮೌನವಾಗಿರಬೇಕಾಗಿಲ್ಲ. ಪ್ರಸ್ತಾವವು ತಮ್ಮ ಗಮನಕ್ಕೆ ಬಂದೊಡನೆ ಸ್ಥಳಕ್ಕೆ ಹೋಗಿ, ಮಳೆಗಾಲದಲ್ಲಿ ಅಲ್ಲಿ ನೀರು ಹರಿಯುವ ಬಗೆಯನ್ನು ಬಲ್ಲ ಹಿರಿಯರನ್ನೂ ಹೆಣ್ಣುಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಗ್ರಾಮಸಭೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ನಡಾವಳಿಯಲ್ಲಿ ದಾಖಲಿಸಿ:

1. ಗುಂಡಿಯ ಮೇಲಿನ ಇಳಿಜಾರಿನ ನೀರು ಯಾವ ದಾರಿಯಲ್ಲಿ, ಯಾವ ಹಳ್ಳಕ್ಕೆ ಹೋಗುತ್ತದೆ?
2. ಮೇಲ್ಮಣ್ಣಿನ ರಾಶಿ ಎಲ್ಲಿ? ಅದು ಜರಿದರೆ ಕೆಳಗೆ ಯಾರ ಮನೆಗಳಿವೆ?
3. ಭಾರೀ ಮಳೆಯ ದಿನಗಳಲ್ಲಿ ಕೆಲಸ ನಿಲ್ಲಿಸುವ ಷರತ್ತು ಇದೆಯೇ? ನಿಲ್ಲಿಸುವ ಆದೇಶ ಯಾರದು?
4. ಕಾಲುವೆ, ಹೂಳುಕೊಳಗಳ ನಿರ್ವಹಣೆ ಯಾರದು? ಗುತ್ತಿಗೆ ಮುಗಿದ ಮೇಲೆ ಗುಂಡಿಯ ಗತಿಯೇನು?

ಈ ನಡಾವಳಿಯನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಾದ ಜಿಲ್ಲಾಧಿಕಾರಿಗಳಿಗೂ ಕಳುಹಿಸಿ. ಬಾಯಿಮಾತಿನ ಆತಂಕಕ್ಕೆ ಇಲ್ಲದ ಬಲ ಬರಹಕ್ಕೆ ಇರುತ್ತದೆ.

ಕೊನೆಯದಾಗಿ, ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಜನರಿಗೆ ತಿಳಿಸಬೇಕಾದ ಮುನ್ಸೂಚನೆಗಳಿವೆ. ಗುಂಡಿಯ ಮೇಲಂಚಿನಲ್ಲಿ ಹೊಸ ಬಿರುಕು, ವಾಲಿದ ಮರ, ಇಲ್ಲದ ಕಡೆ ಹುಟ್ಟಿದ ಒರತೆ, ತಿಳಿಯಾಗಿದ್ದ ಒರತೆ ಕೆಂಪಾಗುವುದು, ಇವೆಲ್ಲ ಎಚ್ಚರಿಕೆಯ ಗುರುತುಗಳು. ಜಡಿಮಳೆ ಸುರಿಯುತ್ತಿರುವಾಗಲೇ ಹಳ್ಳದ ನೀರು ಹಠಾತ್ತನೆ ತಗ್ಗಿದರೆ ಸಮಾಧಾನಪಡಬೇಡಿ. ಮೇಲೆಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿರಬಹುದು. ಆ ಕ್ಷಣವೇ ಮನೆ ಬಿಡಬೇಕು. ಹಳ್ಳದ ಗುಂಟ ಕೆಳಕ್ಕೆ ಓಡದೆ, ಪಕ್ಕದ ಎತ್ತರಕ್ಕೆ ಹೋಗಬೇಕು. ರಾತ್ರಿಯಲ್ಲಿ ಯಾರ ಬಾಗಿಲನ್ನು ಯಾರು ತಟ್ಟಬೇಕು ಎಂಬುದೂ ಮೊದಲೇ ನಿಶ್ಚಯವಾಗಿರಬೇಕು.

ಗುಡ್ಡದಿಂದ ನಾವು ಗ್ರಾವೆಲ್ ತೆಗೆದುಕೊಳ್ಳಬಹುದು. ನೀರಿನ ದಾರಿಯನ್ನು ಮಾತ್ರ ಕಸಿದುಕೊಳ್ಳುವಂತಿಲ್ಲ. ಕಸಿದುಕೊಂಡರೆ ಅದು ನಮ್ಮ ಮನೆಯ ಅಂಗಳದಲ್ಲಿಯೇ ದಾರಿ ಹುಡುಕಿಕೊಳ್ಳುತ್ತದೆ. ಈ ಮಳೆಗಾಲಕ್ಕೆ ಮುನ್ನ ತಮ್ಮ ವ್ಯಾಪ್ತಿಯ ಪ್ರತಿ ಗುಂಡಿಯನ್ನೂ, ಪ್ರಸ್ತಾವಿತ ಸ್ಥಳಗಳನ್ನೂ ಒಮ್ಮೆ ನಡೆದು ನೋಡಬೇಕೆಂದು ವಿನಂತಿಸುತ್ತೇನೆ.